ಸಾಲದ ದಾಖಲೆಯೂ ಸತ್ಯಾಣುವ್ರತವೂ

ಜಿನಶಾಸನವು ಮುನಿಗಳಿಗೆ ಮಹಾವ್ರತಗಳನ್ನೂ ಗೃಹಸ್ಥರಿಗೆ ಅಣುವ್ರತಗಳನ್ನೂ ವಿಧಿಸಿದೆ. ಈ ವಿಂಗಡಣೆಯ ಹಿಂದೆ ಲೋಕವ್ಯವಹಾರದ ಆಳವಾದ ತಿಳಿವಳಿಕೆಯಿದೆ. ಮನೆ ಕಟ್ಟುವವನು, ಮಕ್ಕಳನ್ನು ಓದಿಸುವವನು, ಅಂಗಡಿಗೆ ಸರಕು ತುಂಬುವವನು ಕೊಡು-ಕೊಳ್ಳುವಿಕೆಯಿಂದ ದೂರ ಉಳಿಯಲಾರ. ಒಂದಲ್ಲ ಒಂದು ದಿನ ಸಾಲದ ಬಾಗಿಲಿಗೂ ಹೋಗಬೇಕಾಗುತ್ತದೆ. ಆಚಾರ್ಯರು ಶ್ರಾವಕನಿಗೆ ವ್ಯವಹಾರವನ್ನು ನಿಷೇಧಿಸಲಿಲ್ಲ. ವ್ಯವಹಾರದೊಳಗೆ ನುಸುಳುವ ಸುಳ್ಳನ್ನೂ ಕಳವನ್ನೂ ನಿಷೇಧಿಸಿದರು. ಆದುದರಿಂದ ಹಣಕಾಸಿನ ಸಂಗತಿಯು ಧರ್ಮಚಿಂತನೆಗೆ ಹೊರಗಿನದು ಎಂದು ಭಾವಿಸುವುದು ಸರಿಯಲ್ಲ. ಅಣುವ್ರತಗಳ ನಿಜವಾದ ಪರೀಕ್ಷೆ ನಡೆಯುವುದು ಬಸದಿಯ ಗಂಧಕುಟಿಯ ಮುಂದಿಗಿಂತ ಹೆಚ್ಚಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ.

ಹಿಂದೆ ಒಬ್ಬನ ಸಾಲದ ನಡತೆ ಊರಿನ ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಮತ್ತು ಊರವರ ನೆನಪಿನಲ್ಲಿ ಇರುತ್ತಿತ್ತು. ಇಂದು ಆ ಕೆಲಸವನ್ನು ಸಾಲಮಾಹಿತಿ ಕಂಪನಿಗಳು ಮಾಡುತ್ತಿವೆ. ನಮ್ಮ ದೇಶದಲ್ಲಿ 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಇಂತಹ ಕಂಪನಿಗಳನ್ನು ನಿಯಂತ್ರಿಸುವ ಕಾಯ್ದೆ ಬಂದಿತು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳಿದ್ದರೂ ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’ ಎಂದೇ ರೂಢಿಯಾಗಿದೆ. ಬ್ಯಾಂಕುಗಳು ಕಳುಹಿಸುವ ವಿವರಗಳ ಆಧಾರದಲ್ಲಿ ಸಾಲಗಾರನಿಗೆ 300ರಿಂದ 900ರವರೆಗಿನ ಒಂದು ಅಂಕ ದೊರೆಯುತ್ತದೆ. ಅಂಕ ಕಡಿಮೆಯಾದರೆ ಗೃಹಸಾಲ, ವಿದ್ಯಾಭ್ಯಾಸದ ಸಾಲ, ವ್ಯಾಪಾರದ ಸಾಲ ಎಲ್ಲಕ್ಕೂ ತಡೆ ಬೀಳುತ್ತದೆ.

ಹೀಗೆ ತಡೆ ಬಿದ್ದವನ ಮನಸ್ಸಿನಲ್ಲಿ ಅವಮಾನ, ಆತುರ, ಭಯ ಮೂರೂ ಒಟ್ಟಿಗೆ ಮನೆಮಾಡುತ್ತವೆ. ಮಗಳ ಕಾಲೇಜು ಶುಲ್ಕದ ಗಡುವು ಹತ್ತಿರವಾಗಿರುತ್ತದೆ. ನೆಂಟರಿಷ್ಟರಿಗೆ ಹೇಳಿಕೊಳ್ಳಲು ನಾಚಿಕೆ. ಅದೇ ಹೊತ್ತಿಗೆ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ಸಿಬಿಲ್ ಸರಿಪಡಿಸಿಕೊಡಲಾಗುವುದು, ಹದಿನೈದೇ ದಿನದಲ್ಲಿ 750 ಅಂಕ ಖಚಿತ, ಮುಂಗಡ ಇಷ್ಟು. ಇದು ನೆರವೋ ಬಲೆಯೋ ಎಂದು ಅಳೆದು ನೋಡುವ ತಾಳ್ಮೆ ಆಗ ಅವನಲ್ಲಿ ಉಳಿದಿರುವುದಿಲ್ಲ. ವಂಚಕನ ಬಂಡವಾಳ ಈ ಆತುರವೇ.

ನಿಜವಾದ ನೆರವನ್ನೂ ವಂಚನೆಯನ್ನೂ ಬೇರ್ಪಡಿಸಲು ಶ್ರಾವಕನಿಗೆ ಒಂದೇ ಪ್ರಶ್ನೆ ಸಾಕು. ಮುಂದೆ ಬಂದಿರುವವನು ದಾಖಲೆಯಲ್ಲಿರುವ ಸುಳ್ಳನ್ನು ತಿದ್ದಿಸಲು ಸಹಾಯ ಮಾಡುತ್ತಿದ್ದಾನೆಯೇ, ಅಥವಾ ದಾಖಲೆಯಲ್ಲಿರುವ ಸತ್ಯವನ್ನು ಅಳಿಸುತ್ತೇನೆ ಎನ್ನುತ್ತಿದ್ದಾನೆಯೇ? ಮೊದಲನೆಯದು ಸತ್ಯಕ್ಕೆ ಸಲ್ಲುವ ಸೇವೆ. ಎರಡನೆಯದು ಎಷ್ಟೇ ಸವಿಯಾಗಿ ಕೇಳಿಸಿದರೂ ಸತ್ಯಾಣುವ್ರತದ ಭಂಗ. ಸಾಮಾನ್ಯವಾಗಿ ಹಣದ ನಷ್ಟವೂ ಹೌದು.

ಇಬ್ಬರು ಗೃಹಸ್ಥರ ನಿದರ್ಶನದಿಂದ ಈ ಭೇದ ಸ್ಪಷ್ಟವಾಗುತ್ತದೆ. ಒಬ್ಬನು ವಾಹನಸಾಲದ ಕೊನೆಯ ಕಂತನ್ನೂ ಕಟ್ಟಿ ಮುಗಿಸಿದ್ದಾನೆ; ಬ್ಯಾಂಕು ಅದನ್ನು ವರದಿ ಮಾಡಲು ಮರೆತಿರುವುದರಿಂದ ದಾಖಲೆಯಲ್ಲಿ ಸಾಲ ಇನ್ನೂ ಬಾಕಿಯೆಂದೇ ಇದೆ. ಅಥವಾ ಅವನದೇ ಹೆಸರಿನ ಮತ್ತೊಬ್ಬನ ಸಾಲ ಅವನ ಖಾತೆಗೆ ಅಂಟಿಕೊಂಡಿದೆ. ಇನ್ನೊಬ್ಬನು ವ್ಯಾಪಾರ ಕುಸಿದು ಎಂಟು ತಿಂಗಳು ಕಂತು ಕಟ್ಟಿಲ್ಲ; ದಾಖಲೆ ಅದನ್ನು ಇದ್ದಂತೆಯೇ ಹೇಳುತ್ತಿದೆ. ಇಬ್ಬರ ಅಂಕವೂ ಕುಸಿದಿದೆ, ಇಬ್ಬರಿಗೂ ಸಾಲ ಸಿಕ್ಕಿಲ್ಲ. ಹೊರನೋಟಕ್ಕೆ ಇಬ್ಬರದೂ ಒಂದೇ ರೋಗ. ಆದರೆ ಮದ್ದು ಬೇರೆ ಬೇರೆ.

ಮೊದಲನೆಯವನಿಗೆ ಕಾನೂನೇ ದಾರಿ ತೆರೆದಿದೆ; ಆ ದಾರಿಯಲ್ಲಿ ನಡೆಯಲು ಒಂದು ರೂಪಾಯಿಯೂ ಬೇಕಿಲ್ಲ. 2017ರಿಂದ ಪ್ರತಿಯೊಬ್ಬ ವ್ಯಕ್ತಿಯೂ ಪ್ರತಿ ಸಾಲಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಅಂಕಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ವರದಿಯಲ್ಲಿ ತಪ್ಪು ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ದೂರು ಸಲ್ಲಿಸಬೇಕು. ಬ್ಯಾಂಕಿಗೆ 21 ದಿನ, ಒಟ್ಟಾರೆ 30 ದಿನಗಳ ಗಡುವಿದೆ. ಅದನ್ನು ಮೀರಿದರೆ ದಿನವೊಂದಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ತಿದ್ದುಪಡಿಯ ಕೋರಿಕೆಯನ್ನು ನಿರಾಕರಿಸಿದರೆ ಕಾರಣವನ್ನೂ ತಿಳಿಸಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಸಾಲಮಾಹಿತಿ ಕಂಪನಿಗಳೂ ಆ ವ್ಯವಸ್ಥೆಯ ವ್ಯಾಪ್ತಿಗೆ ಬಂದಿವೆ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಎರಡನೆಯವನ ದಾಖಲೆಯನ್ನು ಅಳಿಸುವ ಶಕ್ತಿ ಯಾವ ಮಧ್ಯವರ್ತಿಗೂ ಇಲ್ಲ. ಸಾಲ ಕೊಟ್ಟ ಸಂಸ್ಥೆ ಒಪ್ಪಿ ತಿಳಿಸದೆ ಸಾಲಮಾಹಿತಿ ಕಂಪನಿಯೂ ತಾನಾಗಿ ವಿವರವನ್ನು ಬದಲಿಸುವಂತಿಲ್ಲ. ಇಂತಹ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಹಾಗೆಂದು ಅವನ ಪಾಲಿಗೆ ದಾರಿ ಮುಚ್ಚಿಲ್ಲ. ಬಾಕಿಯನ್ನು ತೀರಿಸುವುದು, ಮುಂದಿನ ಕಂತುಗಳನ್ನು ದಿನ ತಪ್ಪದೆ ಕಟ್ಟುವುದು, ಕ್ರೆಡಿಟ್ ಕಾರ್ಡಿನ ಮಿತಿಯನ್ನು ಪೂರ್ತಿಯಾಗಿ ಬಳಸದಿರುವುದು, ಆತುರದಲ್ಲಿ ಹತ್ತು ಕಡೆ ಸಾಲದ ಅರ್ಜಿ ಹಾಕದಿರುವುದು, ಇವುಗಳಿಂದ ಅಂಕ ಮೆಲ್ಲಮೆಲ್ಲನೆ ಏರುತ್ತದೆ. ಕಷ್ಟವನ್ನು ಬ್ಯಾಂಕಿನವರ ಮುಂದೆ ನೇರವಾಗಿ ಹೇಳಿ ಕಂತನ್ನು ಮರುಹೊಂದಿಸಿಕೊಡುವಂತೆ ಕೇಳುವುದಕ್ಕೂ ಅವಕಾಶವಿದೆ. ಇಲ್ಲಿ ಒಂದು ಎಚ್ಚರ ಅಗತ್ಯ: ಪೂರ್ತಿ ತೀರಿಸಿದ ಸಾಲ ದಾಖಲೆಯಲ್ಲಿ ‘ಕ್ಲೋಸ್ಡ್’ ಎಂದಾದರೆ, ಒಂದಿಷ್ಟು ಮೊತ್ತಕ್ಕೆ ರಾಜಿಯಾಗಿ ಮುಗಿಸಿದ ಸಾಲ ‘ಸೆಟಲ್ಡ್’ ಎಂದು ಉಳಿಯುತ್ತದೆ. ಮುಂದೆ ಸಾಲ ಕೊಡುವವರು ಈ ಎರಡನೆಯ ಪದವನ್ನು ಸಂದೇಹದಿಂದಲೇ ನೋಡುತ್ತಾರೆ. ರಾಜಿಗೆ ಒಪ್ಪುವ ಮುನ್ನ ಇದನ್ನು ತಿಳಿದಿರಬೇಕು.

ಇಷ್ಟು ಲೌಕಿಕ ವಿವರ. ಇದರ ಧಾರ್ಮಿಕ ಮಗ್ಗುಲು ಇನ್ನೂ ಗಂಭೀರವಾದದ್ದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿ ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು.

ಮಿಥ್ಯೋಪದೇಶವೆಂದರೆ ಹಿತವನ್ನು ಅರಸಿ ಬಂದವನಿಗೆ ತಪ್ಪು ದಾರಿಯನ್ನು ಬೋಧಿಸುವುದು. ಬ್ಯಾಂಕಿನವರ ಬಳಿ ಮಾತನಾಡಬೇಡಿ, ಕಂತು ಕಟ್ಟಬೇಡಿ, ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎನ್ನುವವನು ಮಾಡುತ್ತಿರುವುದು ಇದನ್ನೇ. ಕೂಟಲೇಖಕ್ರಿಯೆಯೆಂದರೆ ಸುಳ್ಳು ಪತ್ರವನ್ನು ಸೃಷ್ಟಿಸುವುದು. ಕಟ್ಟದ ಸಾಲಕ್ಕೆ ಬಾಕಿ ಇಲ್ಲವೆಂಬ ನಕಲಿ ಪ್ರಮಾಣಪತ್ರ, ತಿದ್ದಿದ ಸಂಬಳದ ಚೀಟಿ, ಹಳೆಯ ದಾಖಲೆಯಿಂದ ತಪ್ಪಿಸಿಕೊಳ್ಳಲು ಮತ್ತೊಂದು ಪ್ಯಾನ್ ಕಾರ್ಡ್, ಇವೆಲ್ಲ ಕೂಟಲೇಖದ ಇಂದಿನ ರೂಪಗಳು. ಒಬ್ಬನಿಗೆ ಎರಡು ಪ್ಯಾನ್ ಇರುವುದು ಕಾನೂನಿಗೂ ವಿರುದ್ಧ.

ಮೂರನೆಯದು ನ್ಯಾಸಾಪಹಾರ. ಒಬ್ಬನು ನಂಬಿ ಒಡವೆಯನ್ನೋ ಹಣವನ್ನೋ ಇರಿಸಿ ಹೋಗುತ್ತಾನೆ. ಮರಳಿ ಬಂದಾಗ ಎಷ್ಟಿತ್ತೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ ಇತ್ತು’ ಎಂದು ಉಳಿದುದನ್ನು ನುಂಗುತ್ತಾನೆ. ವ್ಯಾಖ್ಯಾನಕಾರರು ಕೊಡುವ ವಿವರಣೆ ಈ ಬಗೆಯದು. ಇಂದಿನ ನ್ಯಾಸ ಒಡವೆಯ ಗಂಟಲ್ಲದಿರಬಹುದು. ಆಧಾರ್ ಸಂಖ್ಯೆ, ಪ್ಯಾನ್ ಕಾರ್ಡಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ವಿವರ, ಮೊಬೈಲಿಗೆ ಬರುವ ಒಟಿಪಿ ಇವೂ ನಂಬಿ ಒಪ್ಪಿಸಿದ ಸೊತ್ತುಗಳೇ. ಸಿಬಿಲ್ ಸರಿಪಡಿಸುವ ನೆಪದಲ್ಲಿ ಇವನ್ನು ಪಡೆದವನು ಆ ಹೆಸರಿನಲ್ಲೇ ಹೊಸ ಸಾಲ ತೆಗೆದರೆ, ಸಾಲ ತೀರಿಸಲು ಹೊರಟವನ ತಲೆಯ ಮೇಲೆ ಮತ್ತೊಂದು ಸಾಲ ಬಂದು ಕೂರುತ್ತದೆ. ಯಾರಾದರೂ ತನ್ನ ವರದಿಯನ್ನು ತೆರೆದು ನೋಡಿದಾಗ ಸಂದೇಶ ಬರುವಂತೆ ರಿಸರ್ವ್ ಬ್ಯಾಂಕ್ ಏರ್ಪಾಡು ಮಾಡಿಸಿದೆ. ಮೊಬೈಲ್ ಸಂಖ್ಯೆ ಬ್ಯಾಂಕಿನಲ್ಲಿ ಸರಿಯಾಗಿ ನೋಂದಣಿಯಾಗಿದ್ದರೆ ಮಾತ್ರ ಈ ಕಾವಲು ಫಲಿಸುತ್ತದೆ.

ಇಲ್ಲಿ ಕೆಲವರು ಕೇಳಬಹುದು: ‘ನಕಲಿ ಪತ್ರ ಮಾಡಿದವನು ಏಜೆಂಟ್, ಹಣ ಕೊಟ್ಟ ಗೃಹಸ್ಥನದೇನು ತಪ್ಪು?’ ಜೈನಸಿದ್ಧಾಂತದಲ್ಲಿ ಇದಕ್ಕೆ ಖಚಿತವಾದ ಉತ್ತರವಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದುದಕ್ಕೆ ಒಪ್ಪಿದ್ದು ಮೂರೂ ಆತ್ಮನ ಲೆಕ್ಕಕ್ಕೇ ಸೇರುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ ತಾನು ಸುಳ್ಳಾಡದಿರುವುದರ ಜೊತೆಗೆ ಇತರರಿಂದ ಸುಳ್ಳಾಡಿಸದಿರುವುದನ್ನೂ ಸೇರಿಸಿದ್ದಾರೆ. ಹಣ ಕೊಟ್ಟು ಸುಳ್ಳಾಡಿಸಿದವನು ವಂಚನೆಗೆ ಗುರಿಯಾದವನೂ ಹೌದು, ವಂಚನೆಯಲ್ಲಿ ಪಾಲುಗಾರನೂ ಹೌದು. ಈ ಮಾತು ಕಟುವಾಗಿ ತೋರಬಹುದು. ಆದರೆ ಹಣ ಕಳೆದುಕೊಂಡ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಲೇಸು.

ವಂಚನೆಯ ಲಕ್ಷಣಗಳನ್ನು ಗುರುತಿಸುವುದು ಕಷ್ಟವೇನಲ್ಲ. ಕೆಲಸಕ್ಕೆ ಮುಂಚೆಯೇ ದೊಡ್ಡ ಮೊತ್ತವನ್ನು ಕೇಳುವುದು ಮೊದಲನೆಯದು. ಇಷ್ಟು ದಿನದಲ್ಲಿ ಇಷ್ಟು ಅಂಕವೆಂದು ಖಾತರಿ ಕೊಡುವುದು ಎರಡನೆಯದು; ಅಂಕವನ್ನು ಲೆಕ್ಕ ಹಾಕುವುದು ಕಂಪನಿಯೇ ಹೊರತು ಮಧ್ಯವರ್ತಿಯಲ್ಲ. ಒಟಿಪಿ, ಪಾಸ್‌ವರ್ಡ್ ಕೇಳುವುದು ಮೂರನೆಯದು. ವರದಿಯನ್ನು ಓದುವುದಕ್ಕೂ ಮೊದಲೇ ಎಲ್ಲವನ್ನೂ ಅಳಿಸುತ್ತೇನೆ ಎನ್ನುವುದು, ನಿಜವಾದ ಬಾಕಿಯನ್ನು ಸುಳ್ಳೆಂದು ದೂರು ಕೊಡಲು ಪ್ರೇರೇಪಿಸುವುದು, ಬ್ಯಾಂಕಿನ ಸಂಪರ್ಕವನ್ನೇ ಕಡಿದುಹಾಕುವಂತೆ ಹೇಳುವುದು, ಲಿಖಿತ ಒಪ್ಪಂದವನ್ನೂ ರಸೀದಿಯನ್ನೂ ಕೊಡದಿರುವುದು ಉಳಿದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಎದ್ದು ಬರುವುದೇ ವಿವೇಕ.

ಇದಕ್ಕೆ ಹತ್ತಿರದ ಮತ್ತೊಂದು ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಸಾಲಮನ್ನಾ ಮಾಡಿಸುವುದಾಗಿ ಜಾಹೀರಾತು ನೀಡಿ, ಯಾವ ಅಧಿಕಾರವೂ ಇಲ್ಲದೆ ‘ಸಾಲಮನ್ನಾ ಪ್ರಮಾಣಪತ್ರ’ಗಳನ್ನು ಹಂಚಿ, ಅದಕ್ಕೆ ಶುಲ್ಕ ವಸೂಲು ಮಾಡುವವರ ವಿರುದ್ಧದ ಎಚ್ಚರಿಕೆ ಅದು. ಈ ಬಗೆಯ ವಂಚನೆ ನಮ್ಮ ದೇಶಕ್ಕೆ ಸೀಮಿತವಾದುದೂ ಅಲ್ಲ. ಕನ್ನಡಿಗರೂ ಜೈನರೂ ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಅಮೆರಿಕದಲ್ಲಿ ಸಾಲದ ದಾಖಲೆ ಸರಿಪಡಿಸುವ ಸಂಸ್ಥೆಗಳಿಗೆಂದೇ 1996ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಒಪ್ಪಿದ ಸೇವೆಯನ್ನು ಪೂರ್ಣಗೊಳಿಸುವ ಮುನ್ನ ಹಣ ಪಡೆಯುವಂತಿಲ್ಲ, ಲಿಖಿತ ಒಪ್ಪಂದ ಕಡ್ಡಾಯ, ಸಹಿ ಹಾಕಿದ ಬಳಿಕವೂ ಮೂರು ಕೆಲಸದ ದಿನಗಳೊಳಗೆ ಒಪ್ಪಂದವನ್ನು ರದ್ದುಪಡಿಸಬಹುದು ಎಂಬುವು ಅದರ ಮುಖ್ಯ ಅಂಶಗಳು. ದೇಶ ಯಾವುದಾದರೂ ಈ ಮೂರನ್ನು ಅಳತೆಗೋಲಾಗಿ ಬಳಸಬಹುದು.

ಎಲ್ಲ ನೆರವನ್ನೂ ಮೋಸವೆಂದು ತಳ್ಳಿಹಾಕುವುದು ಏಕಾಂತವಾದವಾಗುತ್ತದೆ. ಕಂಪ್ಯೂಟರ್ ಬಳಸಲಾರದ ಹಿರಿಯರಿಗೆ, ಇಂಗ್ಲಿಷಿನ ವರದಿಯನ್ನು ಓದಲಾರದವರಿಗೆ, ದೂರಿನ ಹಿಂದೆ ಅಲೆಯಲು ಬಿಡುವಿಲ್ಲದವರಿಗೆ ಬಲ್ಲವರ ಸಹಾಯ ಬೇಕೇ ಬೇಕು. ಆ ಶ್ರಮಕ್ಕೆ ನ್ಯಾಯವಾದ ಸಂಭಾವನೆಯನ್ನು ಪಡೆಯುವುದು ತಪ್ಪಲ್ಲ. ಪ್ರಾಮಾಣಿಕನಾದವನು ಮೊದಲು ವರದಿಯನ್ನು ಓದುತ್ತಾನೆ; ಯಾವುದು ತಪ್ಪು, ಯಾವುದು ನಿಜವೆಂದು ವಿಂಗಡಿಸಿ ತೋರಿಸುತ್ತಾನೆ. ನಿಜವಾದ ಬಾಕಿಯನ್ನು ಅಳಿಸಲಾಗದು ಎಂದು ಮುಖಕ್ಕೆ ಹೇಳುತ್ತಾನೆ. ಈ ಕೆಲಸವನ್ನು ಸ್ವತಃ ಉಚಿತವಾಗಿ ಮಾಡಿಕೊಳ್ಳಬಹುದೆಂಬುದನ್ನೂ ಮುಚ್ಚಿಡುವುದಿಲ್ಲ. ಒಟಿಪಿ ಬಂದಾಗ ಫೋನನ್ನು ಸಾಲಗಾರನ ಕೈಯಲ್ಲೇ ಬಿಡುತ್ತಾನೆ. ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ. ಸಾಧ್ಯವಿಲ್ಲದ್ದನ್ನು ಸಾಧ್ಯವಿಲ್ಲ ಎಂದು ಹೇಳಬಲ್ಲವನನ್ನೇ ನಂಬಬೇಕು.

ಈ ಕೊನೆಯ ಮಾತು ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಹೊಸದಲ್ಲ. ತೀರ್ಥಂಕರರೂ ಮೋಕ್ಷಮಾರ್ಗವನ್ನು ತೋರಿದರೇ ಹೊರತು ಇನ್ನೊಬ್ಬರ ಕರ್ಮವನ್ನು ತಾವು ಕಳೆದುಕೊಡುತ್ತೇವೆ ಎನ್ನಲಿಲ್ಲ. ಕಟ್ಟಿಕೊಂಡ ಕರ್ಮವನ್ನು ಕಟ್ಟಿಕೊಂಡ ಜೀವನೇ ಸವೆಸಬೇಕು. ಅದಕ್ಕೆ ಎರಡು ಹಂತಗಳು: ಹೊಸ ಕರ್ಮದ ಒಳಹರಿವನ್ನು ತಡೆಯುವ ಸಂವರ, ಹಳೆಯದನ್ನು ಸವೆಸುವ ನಿರ್ಜರೆ. ತೂತು ಬಿದ್ದ ದೋಣಿಯಲ್ಲಿ ಕುಳಿತವನು ಮೊದಲು ತೂತನ್ನು ಮುಚ್ಚಿ, ಆಮೇಲೆ ಒಳಗಿನ ನೀರನ್ನು ಮೊಗೆದು ಚೆಲ್ಲಬೇಕು. ಸಾಲದ ವಿಷಯದಲ್ಲೂ ಕ್ರಮ ಇದೇ. ಹೊಸ ಸಾಲವನ್ನು ನಿಲ್ಲಿಸದೆ ಹಳೆಯ ಸಾಲ ತೀರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೂ ಪರಿಗ್ರಹಪರಿಮಾಣವೆಂಬ ಅಣುವ್ರತವೂ ಬೋಧಿಸುವುದು ಈ ಸಂವರವನ್ನೇ.

ಆದರೆ ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಸಿಬಿಲ್ ಅಂಕವು ಆತ್ಮದ ಅಂಕವಲ್ಲ. ಕಾಯಿಲೆಯಿಂದ, ಬೆಳೆನಾಶದಿಂದ, ಕೆಲಸ ಹೋದುದರಿಂದ, ಗೆಳೆಯನ ಸಾಲಕ್ಕೆ ಜಾಮೀನು ನಿಂತುದರಿಂದಲೂ ಅಂಕ ಕುಸಿಯುತ್ತದೆ. ಅಂತಹವನನ್ನು ಧರ್ಮಭ್ರಷ್ಟನೆಂಬಂತೆ ಕಾಣುವುದು ಘೋರ ಅನ್ಯಾಯ. 850 ಅಂಕವಿದ್ದೂ ತೂಕದಲ್ಲಿ ಮೋಸ ಮಾಡುವ ವ್ಯಾಪಾರಿ ಇರಬಹುದು; 550ಕ್ಕೆ ಇಳಿದಿದ್ದೂ ಪೈಸೆ ಪೈಸೆ ಕೂಡಿಟ್ಟು ಸಾಲ ತೀರಿಸುತ್ತಿರುವ ಸಜ್ಜನ ಇರಬಹುದು.

ಅಂಕದ ಆಸೆಗಿಂತ ದಾಖಲೆಯನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳುವ ಅಭ್ಯಾಸ ದೊಡ್ಡದು. ಆಲೋಚನೆ, ಎಂದರೆ ಗುರುವಿನ ಮುಂದೆ ದೋಷನಿವೇದನೆ, ಅದರ ಹತ್ತು ದೋಷಗಳನ್ನು ಶಾಸ್ತ್ರಗಳು ಎಣಿಸಿವೆ. ಅವುಗಳಲ್ಲಿ ‘ದೃಷ್ಟ’ವೆಂಬುದು ಒಂದು: ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳಿ ಉಳಿದುದನ್ನು ಮುಚ್ಚಿಡುವುದು. ವರದಿಯಲ್ಲಿ ಕಾಣುವ ಬ್ಯಾಂಕ್ ಸಾಲವನ್ನು ಮಾತ್ರ ತೀರಿಸಿ, ಬರಹದಲ್ಲಿ ಇಲ್ಲದ ಕೈಸಾಲವನ್ನು ಮರೆಯುವವನೂ ಇದೇ ದೋಷಕ್ಕೆ ಒಳಗಾಗುತ್ತಾನೆ. ಕಿರಾಣಿ ಅಂಗಡಿಯ ಬಾಕಿ, ಕೆಲಸದವಳಿಗೆ ಕೊಡಬೇಕಾದ ಸಂಬಳ, ಅಣ್ಣನಿಂದ ಪಡೆದ ಹಣ ಇವನ್ನು ಯಾವ ಕಂಪನಿಯೂ ಅಳೆಯುವುದಿಲ್ಲ. ಶ್ರಾವಕನು ತಾನೇ ಅಳೆದುಕೊಳ್ಳಬೇಕು. ವರ್ಷಕ್ಕೊಮ್ಮೆ ಪರ್ಯೂಷಣದ ಹೊತ್ತಿಗೆ ಈ ಎರಡೂ ಲೆಕ್ಕಗಳನ್ನು ಒಟ್ಟಿಗೆ ನೋಡುವ ರೂಢಿ ಪ್ರತಿ ಮನೆಯಲ್ಲಿಯೂ ಬಂದರೆ ಒಳಿತು.

ಸಮಾಜದ ಕರ್ತವ್ಯವೂ ಇಲ್ಲಿ ಸಣ್ಣದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣ ಎಂಬ ಎರಡಿವೆ. ಜಾರಿದವನ ದೋಷವನ್ನು ಬೀದಿಗೆ ತಂದು ಆಡಿಕೊಳ್ಳದಿರುವುದು ಉಪಗೂಹನ. ಅವನನ್ನು ಕೈಹಿಡಿದು ಮತ್ತೆ ನೆಲೆ ನಿಲ್ಲಿಸುವುದು ಸ್ಥಿತಿಕರಣ. ಉಪಗೂಹನದ ಹೆಸರಿನಲ್ಲಿ ಸುಳ್ಳು ದಾಖಲೆಗೆ ನೆರವಾಗುವಂತಿಲ್ಲ. ವ್ಯಕ್ತಿಯ ಮಾನವನ್ನು ಕಾಯುವುದೇ ಬೇರೆ, ಕಾಗದದ ಮೇಲೆ ಸುಳ್ಳು ಬರೆಯುವುದೇ ಬೇರೆ. ಸಾಲದಲ್ಲಿ ಸಿಲುಕಿದವನನ್ನು ಸಹಧರ್ಮಿಗಳು ಹಂಗಿಸುವಲ್ಲಿ ಅವನು ಅಪರಿಚಿತ ವಂಚಕನ ಬಾಗಿಲನ್ನು ತಟ್ಟುತ್ತಾನೆ. ಸಹಧರ್ಮಿಗಳು ಕೂರಿಸಿ ಕೇಳುವಲ್ಲಿ ಅವನಿಗೆ ಆ ಬಾಗಿಲೇ ಬೇಕಾಗುವುದಿಲ್ಲ. ಬಸದಿಯ ಸಭಾಭವನದಲ್ಲಿ ತಿಂಗಳಿಗೊಂದು ಭಾನುವಾರ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೂ ಕಂಪ್ಯೂಟರ್ ಬಲ್ಲ ಯುವಕ-ಯುವತಿಯರೂ ಕೂಡಿ ಕುಳಿತು, ಬಂದವರಿಗೆ ಉಚಿತ ವರದಿಯನ್ನು ತೆಗೆಸಿಕೊಟ್ಟು, ಓದಿ ಹೇಳಿ, ದೂರು ಬರೆಯಲು ನೆರವಾದರೆ ಅದು ಜ್ಞಾನದಾನವೂ ಅಭಯದಾನವೂ ಆದೀತು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಕೇಳಿದ್ದನ್ನು ಹೊರಗೆ ಆಡದ ಸಂಯಮ ಬೇಕು.

ಈಗಾಗಲೇ ಮೋಸಹೋದವರು ನಾಚಿಕೆಯಿಂದ ಸುಮ್ಮನಿರಬಾರದು. ಹಣ ಕಳುಹಿಸಿದ ಕೂಡಲೇ ವಂಚನೆಯೆಂದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈಗೆ ಸಿಗದಷ್ಟು ದೂರ ಹೋಗುತ್ತದೆ. ತನ್ನ ಹೆಸರಿನಲ್ಲಿ ತಾನು ಮಾಡದ ಸಾಲ ಕಂಡರೆ ಸಾಲಮಾಹಿತಿ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು. ಮೌನದಿಂದ ವಂಚಕನಿಗೆ ಮುಂದಿನ ಮನೆಯ ಬಾಗಿಲು ತೆರೆದುಕೊಡಬಾರದು.

ಸುಳ್ಳು ಬರಹವನ್ನು ಸಹಿಸಿಕೊಂಡು ಕೂರುವುದು ಕ್ಷಮೆಯಲ್ಲ, ಪ್ರಮಾದ. ಅದನ್ನು ಹಕ್ಕಿನಿಂದ ತಿದ್ದಿಸಬೇಕು. ಸತ್ಯವಾದ ಬರಹವನ್ನು ಅಳಿಸಲು ಹೊರಡುವುದು ಜಾಣತನವಲ್ಲ, ಮಾಯಾಚಾರ; ಅದನ್ನು ನಡತೆಯಿಂದ ಹಿಂದಿಕ್ಕಬೇಕು. ಇವೆರಡರ ನಡುವಣ ಗೆರೆಯನ್ನು ಅರಿತ ಗೃಹಸ್ಥನನ್ನು ಸುಲಭವಾಗಿ ಯಾರೂ ವಂಚಿಸಲಾರರು. ಏಕೆಂದರೆ ವಂಚಕನು ಮಾರಲು ತಂದ ಸರಕು ಅವನಿಗೆ ಬೇಕಾಗಿಯೇ ಇರುವುದಿಲ್ಲ.